ಬೋಟ್ ಟ್ರೇಲರ್‌ನ ಹೈಡ್ರಾಲಿಕ್ ಬ್ರೇಕ್: ಗೋವಾದಲ್ಲಿರುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಬೋಟ್, ಜೆಟ್ ಸ್ಕೀ, ಫೈಬರ್ ದೋಣಿ ಎಳೆಯುವ ಟ್ರೇಲರ್ ಇಟ್ಟುಕೊಂಡವರಿಗೆ, ಅದರಲ್ಲೂ ಹೈಡ್ರಾಲಿಕ್ ಬ್ರೇಕ್ ಇರುವ ಟ್ರೇಲರ್ ಇರುವವರಿಗೆ. ಗೋವಾದಲ್ಲಿ ಓಡಾಡುವ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ, ಅದು ಬೇರೆ ತಲೆನೋವು. ವಾಸ್ಕೋ, ಬೈನಾ, ಝುವಾರಿನಗರ, ಮಾಪುಸಾ ಕಡೆ ಬೋಟ್ ಕೆಲಸ, ಗ್ಯಾರೇಜ್ ಕೆಲಸ ಮಾಡುವ ನಮ್ಮ ಹುಡುಗರು ತುಂಬಾ ಜನ ಇದ್ದಾರೆ. ಅವರೂ ಅವರ ಮಾಲೀಕರೂ ಮತ್ತೆ ಮತ್ತೆ ಕೇಳುವುದು ಇವನ್ನೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬ್ರೇಕ್ ಆಯಿಲ್ ಪೈಪಿನೊಳಗೆ ಸೇರಿಕೊಂಡ ಏರ್, ಅಂದರೆ ಗಾಳಿ ತೆಗೆಯೋದು ದೊಡ್ಡ ವಿದ್ಯೆ ಏನಲ್ಲ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆ ಏರ್ ಒಳಗೆ ಎಲ್ಲಿಂದ ಬಂತು ಅಂತ ಹುಡುಕೋದೇ ನಿಜವಾದ ಕೆಲಸ.

ಬ್ರೇಕ್ ಪೆಡಲ್ ಇರೋದು ಜೀಪಲ್ಲಿ. ಹಿಂದಿನ ಟ್ರೇಲರ್‌ಗೆ ಬ್ರೇಕ್ ಬೀಳೋದು ಹೇಗೆ?

ತಳ್ಳಾಟದಿಂದ. ಜೀಪು ನಿಧಾನ ಆದ ಕೂಡಲೇ ಟ್ರೇಲರ್ ತನ್ನ ಭಾರಕ್ಕೆ ಮುಂದಕ್ಕೆ ನೂಕುತ್ತದೆ. ಟ್ರೇಲರ್ ಮೂತಿಯಲ್ಲಿರುವ ಕಪ್ಲರ್ ಎರಡು ಭಾಗದ್ದು, ಒಂದರೊಳಗೆ ಇನ್ನೊಂದು ಜಾರುತ್ತದೆ. ಜಾರುವಾಗ ಒಳಗಿನ ರಾಡ್ ಮಾಸ್ಟರ್ ಸಿಲಿಂಡರ್ ಪಿಸ್ಟನ್ ಒತ್ತುತ್ತದೆ, ಆಯಿಲ್ ಪೈಪಿನಲ್ಲಿ ಹೋಗಿ ಚಕ್ರದ ಬ್ರೇಕ್ ಹಿಡಿಸುತ್ತದೆ. ಇದಕ್ಕೆ ಸರ್ಜ್ ಬ್ರೇಕ್ ಅಂತಾರೆ. ಜೀಪಿನ ಬ್ರೇಕ್ ಆಯಿಲ್‌ಗೂ ಟ್ರೇಲರ್ ಆಯಿಲ್‌ಗೂ ಸಂಬಂಧವೇ ಇಲ್ಲ, ಎರಡೂ ಬೇರೆ ಬೇರೆ.

ಹೀಗಾಗಿ ಒಂದು ವಿಷಯ ಎಲ್ಲರೂ ಮರೆಯುತ್ತಾರೆ. ಬೋಟ್ ಇಳಿಸೋಕೆ ರ‍್ಯಾಂಪ್ ಮೇಲೆ ಹಿಂದಕ್ಕೆ ಹೋದಾಗ ಟ್ರೇಲರ್ ನೀರಿನ ಕಡೆ ಜಗ್ಗುತ್ತಿರುತ್ತದೆ, ಕಪ್ಲರ್ ಪೂರ್ತಿ ಹಿಗ್ಗಿರುತ್ತದೆ. ಅಂದರೆ ಆ ಹೊತ್ತಲ್ಲಿ ಟ್ರೇಲರ್‌ಗೆ ಬ್ರೇಕ್ ಇಲ್ಲ ಅಂತಲೇ ಲೆಕ್ಕ. ಬೋಟ್, ಟ್ರೇಲರ್ ಎರಡರ ಭಾರವೂ ಜೀಪಿನ ಹ್ಯಾಂಡ್‌ಬ್ರೇಕ್ ಮೇಲೆ. ಪಾಚಿ ಕಟ್ಟಿದ ರ‍್ಯಾಂಪ್ ಆದರೆ ಜೀಪಿನ ಚಕ್ರಕ್ಕೆ ಒಂದು ಮರದ ತುಂಡೋ ಕಲ್ಲೋ ಇಡಿ, ನಾಚಿಕೆ ಬೇಡ.

ಏರ್ ಹಿಡಿದಿದೆ ಅಂತ ಗೊತ್ತಾಗೋದು ಹೇಗೆ? ಪೆಡಲ್ ಸಾಫ್ಟ್ ಆಗೋದೇ ಇಲ್ವಲ್ಲ.

ಸರಿಯಾದ ಪ್ರಶ್ನೆ. ಕಾರಿನಲ್ಲಿ ಕಾಲಿಗೆ ಗೊತ್ತಾಗುತ್ತದೆ, ಇಲ್ಲಿ ಬೆನ್ನಿಗೆ ಗೊತ್ತಾಗುತ್ತದೆ. ಬ್ರೇಕ್ ಒತ್ತಿದಾಗ ಹಿಂದಿನಿಂದ "ಠಣ್" ಅಂತ ಗುದ್ದು ಬಂದರೆ ಕಪ್ಲರ್ ಕೊನೆವರೆಗೂ ಜಾರಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ ಅಂತ ಅರ್ಥ. ಆಯಿಲ್ ಒಳಗೆ ಗಾಳಿ ಇಲ್ಲದಿದ್ದರೆ ಅದು ಅಷ್ಟು ದೂರ ಜಾರುವುದೇ ಇಲ್ಲ. ಜೀಪು ಮೊದಲಿಗಿಂತ ಜಾಸ್ತಿ ದೂರ ಹೋಗಿ ನಿಲ್ಲುತ್ತಿದ್ದರೆ, ಟ್ರೇಲರ್ ಒಂದೇ ಬದಿಗೆ ಎಳೆಯುತ್ತಿದ್ದರೆ, ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬಿಯಲ್ಲಿ ಆಯಿಲ್ ಇಳಿಯುತ್ತಿದ್ದರೆ ಅದೂ ಸುಳಿವೇ. ಆದರೆ ಗುದ್ದು ಬಂದ ತಕ್ಷಣ ಏರ್ ಅಂತ ತೀರ್ಮಾನ ಮಾಡಬೇಡಿ. ಡ್ರಮ್ ಬ್ರೇಕ್ ಇದ್ದು ಶೂ (ಡ್ರಮ್ ಒಳಗೆ ಒತ್ತಿ ಉಜ್ಜುವ ಪಟ್ಟಿ) ಸವೆದು ಸಡಿಲ ಆಗಿದ್ದರೂ ಕಪ್ಲರ್ ಅಷ್ಟೇ ಜಾರುತ್ತದೆ. ಮೊದಲು ಶೂ ಅಡ್ಜಸ್ಟ್ ಮಾಡಿ, ಆಮೇಲೆ ಏರ್ ಕಡೆ ಹೋಗಿ. ಈ ಕ್ರಮ ತಿರುವುಮುರುವು ಮಾಡಿ ಆಯಿಲ್ ಡಬ್ಬಿ ಖಾಲಿ ಮಾಡುವವರೇ ಜಾಸ್ತಿ.

ಯಾವ ಬ್ರೇಕ್ ಆಯಿಲ್ ಹಾಕಬೇಕು? ಡಾಟ್ 3, 4, 5 ಅಂತ ಅಂಗಡಿಯವನು ತಲೆ ತಿನ್ನುತ್ತಾನೆ.

ಮಾಸ್ಟರ್ ಸಿಲಿಂಡರ್ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದು. ಸಾಮಾನ್ಯವಾಗಿ ಡಾಟ್ 3 ಇರುತ್ತದೆ. ಡಾಟ್ 4 ಹಾಕಿದರೂ ನಡೆಯುತ್ತದೆ, ಎರಡೂ ಗ್ಲೈಕಾಲ್ ಜಾತಿಯವೇ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿಕೊಂಡ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಇಲ್ಲಿ "ನೀರು ಹೀರಿಕೊಂಡ" ಅಂದರೆ ಶೇಕಡಾ 3.7ರಷ್ಟು ನೀರು, ಅಷ್ಟೇ. ಅಷ್ಟು ಸ್ವಲ್ಪಕ್ಕೇ 65 ಡಿಗ್ರಿ ಹೋಯಿತು ನೋಡಿ. ಘಟ್ಟ ಇಳಿಯುವ ಟ್ರೇಲರ್ ಆದರೆ ನಾನು ಡಾಟ್ 4 ಅನ್ನುತ್ತೇನೆ.

ಡಾಟ್ 5 ಬೇರೆ ಜಾತಿ. ಅದು ಸಿಲಿಕೋನ್, ನೇರಳೆ ಬಣ್ಣ, ಉಳಿದವುಗಳ ಜೊತೆ ಬೆರೆಯುವುದಿಲ್ಲ. ಹೆಸರಲ್ಲಿ ಹತ್ತಿರ ಇರುವ ಡಾಟ್ 5.1 ಮಾತ್ರ ಮತ್ತೆ ಗ್ಲೈಕಾಲ್. ಅಂಗಡಿಯಲ್ಲಿ 5 ಕೇಳಿದರೆ 5.1 ಕೊಡುತ್ತಾರೆ, 5.1 ಕೇಳಿದರೆ 5 ಕೊಡುತ್ತಾರೆ, ಡಬ್ಬಿ ಓದಿಯೇ ತನ್ನಿ.

ಟ್ರ್ಯಾಕ್ಟರ್‌ಗೆ ಹಾಕುವ ಹೈಡ್ರಾಲಿಕ್ ಆಯಿಲ್ ಮನೇಲೇ ಇದೆ, ಅದನ್ನೇ ಸುರಿದರೆ?

ಬೇಡ. ಹೈಡ್ರಾಲಿಕ್ ಆಯಿಲ್, ಎಂಜಿನ್ ಆಯಿಲ್, ಡೀಸೆಲ್ ಯಾವುದೂ ಬೇಡ. ಕಾರು, ಬೋಟ್ ಟ್ರೇಲರ್‌ಗಳ ಬ್ರೇಕಿನ ರಬ್ಬರು ಗ್ಲೈಕಾಲ್ ಆಯಿಲ್‌ಗೆ ಅಂತ ಮಾಡಿದ್ದು. ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಬ್ರೇಕ್ ಹಿಡಿದದ್ದು ಬಿಡುವುದಿಲ್ಲ ಅಥವಾ ಹಿಡಿಯುವುದೇ ಇಲ್ಲ. ಒಮ್ಮೆ ಹಾಕಿಬಿಟ್ಟರೆ ಆಯಿಲ್ ಬದಲಿಸಿ ಪಾರಾಗಲು ಆಗುವುದಿಲ್ಲ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್ (ಚಕ್ರದ ಬಳಿ ಶೂ ಒತ್ತುವ ಸಿಲಿಂಡರ್), ಹೋಸ್, ಅಂದರೆ ರಬ್ಬರ್ ಇರುವುದೆಲ್ಲ ಹೊಸದು ಹಾಕಬೇಕು. ಗ್ರೀಸ್ ಮೆತ್ತಿದ ಬಾಟಲಿಯಲ್ಲಿ ಬ್ರೇಕ್ ಆಯಿಲ್ ತುಂಬಿಡುವ ಅಭ್ಯಾಸವೂ ಬಿಡಿ, ಸ್ವಲ್ಪ ಸಾಕು ಕೆಡಲು.

ಹೋದ ವರ್ಷದ ಅರ್ಧ ಡಬ್ಬಿ ಉಳಿದಿದೆ. ಉಪಯೋಗಿಸಬಹುದಾ?

ಸೀಲ್ ಒಡೆದ ಡಬ್ಬಿ ಆದರೆ ಉಪಯೋಗಿಸಬೇಡಿ. ಮಳೆಗಾಲದಲ್ಲಿ ಮುಚ್ಚಳ ಸರಿಯಾಗಿ ಹಾಕದ ಉಪ್ಪಿನ ಡಬ್ಬಿ ಹೇಗೆ ನೀರಾಡುತ್ತದೋ ಹಾಗೆ ಈ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಉಳಿದ ದಿನಗಳಲ್ಲಿ ಸಮುದ್ರದ ಗಾಳಿ. ಚಿಕ್ಕ ಡಬ್ಬಿ ಕೊಂಡು ಮುಗಿಸಿ. ಲೀಟರ್ ಡಬ್ಬಿಯಲ್ಲಿ ನಾಲ್ಕು ಕಾಸು ಉಳಿಯಬಹುದು, ಆದರೆ ಅದು ಶೆಲ್ಫಿನಲ್ಲೇ ಹಾಳಾಗುತ್ತದೆ.

ಏರ್ ತೆಗೆಯೋಕೆ ಏನೇನು ಬೇಕು?

ಹೊಸ ಆಯಿಲ್, ಚಕ್ರದ ಬ್ರೇಕಿನ ಹಿಂದೆ ಗಾಳಿ ಹೊರಬಿಡಲು ಇರುವ ತೂತಿನ ಸಣ್ಣ ಸ್ಕ್ರೂಗೆ, ಅಂದರೆ ನಿಪ್ಪಲ್‌ಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರ್, ನಿಪ್ಪಲ್ ಮೇಲೆ ಬಿಗಿಯಾಗಿ ಕೂರುವ ಪಾರದರ್ಶಕ ಸಣ್ಣ ಪೈಪು, ಒಂದು ಗಾಜಿನ ಅಥವಾ ಪ್ಲಾಸ್ಟಿಕ್ ಬಾಟಲಿ, ಚಿಂದಿ ಬಟ್ಟೆ, ಒಂದು ಬಕೆಟ್ ನೀರು, ಮತ್ತು ಹೇಳಿದ್ದನ್ನು ಕೇಳುವ ಒಬ್ಬ ಮನುಷ್ಯ. ಕೊನೆಯದೇ ಸಿಗುವುದು ಕಷ್ಟ.

ಸ್ಪ್ಯಾನರ್ ಬಗ್ಗೆ ಒಂದು ಮಾತು. ಹೊರದೇಶದ ಕಪ್ಲರ್, ಹೊರದೇಶದ ಬ್ರೇಕ್ ಇರುವ ಟ್ರೇಲರ್ ಆದರೆ ಸೈಜು ಇಂಚಿನಲ್ಲಿ ಇರಬಹುದು. ಎಂಎಂ ಸ್ಪ್ಯಾನರ್ ಹೇಗೋ ಹೊಂದುತ್ತದೆ ಅಂತ ತಿರುಗಿಸಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಬಾಯಿ ತೆರೆದ ಸ್ಪ್ಯಾನರ್ ಅಂತೂ ಮುಟ್ಟಬೇಡಿ. ನೀರಿನ ಬಕೆಟ್ ಯಾಕೆ ಅಂದರೆ, ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಬಿದ್ದ ಕೂಡಲೇ ನೀರು ಸುರಿದು ತೊಳೆದರೆ ಹೋಗುತ್ತದೆ, ಒರೆಸಿಬಿಟ್ಟರೆ ಸಾಲದು. ಬೋಟಿನ ಬಣ್ಣಕ್ಕೂ ಅಷ್ಟೇ.

ಸರಿ, ಈಗ ಕ್ರಮವಾಗಿ ಹೇಳಿ. ಎಲ್ಲಿಂದ ಶುರು?

ಟ್ರೇಲರ್ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ತುಂಡು ಇಟ್ಟು, ಮಾಸ್ಟರ್ ಸಿಲಿಂಡರ್ ಮುಚ್ಚಳದ ಸುತ್ತ ಒರೆಸಿ ಆಮೇಲೆ ಬಿಚ್ಚಿ. ಮುಚ್ಚಳದ ಮೇಲಿನ ಮರಳು ಒಳಗೆ ಬಿದ್ದರೆ ಸೀಲು ಗೀರಿ ಹೋಗುತ್ತದೆ. ಹಳೆಯ ಆಯಿಲ್ ಕಪ್ಪಾಗಿ ಕಂದಾಗಿ ಇದ್ದರೆ ಸಿರಿಂಜಿನಿಂದ ಎಳೆದು ತೆಗೆದು ಹೊಸದು ತುಂಬಿ, ಆ ಕೊಳೆಯನ್ನೆಲ್ಲ ಪೈಪಿನೊಳಗೆ ತಳ್ಳುವುದು ಯಾಕೆ?

ಮೊದಲು ಯಾವ ಚಕ್ರ? ಮಾಸ್ಟರ್ ಸಿಲಿಂಡರ್‌ನಿಂದ ಪೈಪು ಅತಿ ದೂರ ಹೋಗುವ ಚಕ್ರ. ಒಂದೇ ಆಕ್ಸಲ್ ಇದ್ದರೆ ಪೈಪು ಆಕ್ಸಲ್ ದಾಟಿ ಯಾವ ಬದಿಗೆ ಹೋಗಿದೆಯೋ ಆ ಬದಿ ಮೊದಲು. ಎರಡು ಆಕ್ಸಲ್ ಇದ್ದರೆ ಹಿಂದಿನ ಆಕ್ಸಲ್‌ನ ದೂರದ ಚಕ್ರ, ಆಮೇಲೆ ಅದರ ಜೋಡಿ, ಆಮೇಲೆ ಮುಂದಿನ ಆಕ್ಸಲ್. ಎಡ, ಬಲ ಅಂತ ಬಾಯಿಪಾಠ ಮಾಡಬೇಡಿ, ಬಗ್ಗಿ ಪೈಪು ನೋಡಿ. ಇಲ್ಲಿನ ಟ್ರೇಲರ್‌ಗಳಲ್ಲಿ ಪೈಪನ್ನು ಅವರವರ ಇಷ್ಟಕ್ಕೆ ಎಳೆದಿರುತ್ತಾರೆ.

ನಿಪ್ಪಲ್‌ಗೆ ಸಣ್ಣ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯಲ್ಲಿ, ಬಾಟಲಿಯ ತಳದಲ್ಲಿ ಮೊದಲೇ ಹಾಕಿದ ಹೊಸ ಆಯಿಲ್‌ನಲ್ಲಿ ಮುಳುಗಿರಬೇಕು. ಜೊತೆಗಿರುವವನು ಕಪ್ಲರ್ ಹತ್ತಿರ ಕೂತು ರಾಡ್ ಒತ್ತಬೇಕು. ಬಹಳಷ್ಟು ಕಪ್ಲರ್‌ಗಳಲ್ಲಿ ಇದಕ್ಕೇ ಒಂದು ತೂತು ಇರುತ್ತದೆ, ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಪಿಸ್ಟನ್ ಒಳಗೆ ಹೋಗುತ್ತದೆ. ಅವನು "ಒತ್ತಿದೆ" ಅನ್ನಬೇಕು, ನೀವು ನಿಪ್ಪಲ್ ಅರ್ಧ ಸುತ್ತು ಬಿಡಬೇಕು, ಗುಳ್ಳೆ ಬರುತ್ತದೆ, ಅವನ ಕೈ ಕೊನೆಗೆ ತಲುಪಿದಾಗ ಹಾಗೇ ಹಿಡಿದಿರಬೇಕು, ನೀವು ನಿಪ್ಪಲ್ ಮುಚ್ಚಬೇಕು, ಮುಚ್ಚಿದ ಮೇಲೆ "ಬಿಡು" ಅನ್ನಬೇಕು. ನೀವು ಮುಚ್ಚುವ ಮೊದಲೇ ಅವನು ಕೈ ಬಿಟ್ಟರೆ ಹೋದ ಗಾಳಿ ವಾಪಸ್ ಒಳಗೆ ಬಂತು, ಮತ್ತೆ ಮೊದಲಿನಿಂದ. ಅದಕ್ಕೇ ಹೇಳಿದ್ದು, ಮಾತು ಕೇಳುವ ಮನುಷ್ಯ ಬೇಕು ಅಂತ.

ಮೊದಲು ದೊಡ್ಡ ಗುಳ್ಳೆಗಳು ಬುಳಬುಳ ಬರುತ್ತವೆ. ಆಮೇಲೆ ಸಾಸಿವೆಯಷ್ಟು ಸಣ್ಣವು, ಪೈಪಿನ ಗೋಡೆಗೆ ಅಂಟಿಕೊಂಡು ಮೆಲ್ಲಗೆ ಜಾರುತ್ತವೆ. ಇಲ್ಲಿ ಸಾಕು ಅಂತ ಬಿಡುವವರು ಇದ್ದಾರೆ. ಬಿಡಬೇಡಿ. ಗುಳ್ಳೆ ಪೂರ್ತಿ ನಿಂತು, ಹೊಸ ಆಯಿಲ್‌ನ ತಿಳಿ ಬಣ್ಣ ಬರುವವರೆಗೂ ನಡೆಸಿ. ನಡುನಡುವೆ ಮಾಸ್ಟರ್ ಸಿಲಿಂಡರ್ ಡಬ್ಬಿ ನೋಡುತ್ತಿರಿ. ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಟ್ಟರೆ ಮಾಸ್ಟರ್ ಸಿಲಿಂಡರ್ ಗಾಳಿ ಕುಡಿಯುತ್ತದೆ, ಅಷ್ಟು ಹೊತ್ತು ಮಾಡಿದ್ದು ವ್ಯರ್ಥ.

ಮುಗಿದ ಮೇಲೆ ಡಬ್ಬಿ ಗುರುತಿನವರೆಗೆ ತುಂಬಿ, ಮುಚ್ಚಳದ ರಬ್ಬರ್ ಸರಿಯಾಗಿ ಕೂತಿದೆಯಾ ನೋಡಿ, ನಿಪ್ಪಲ್‌ಗಳಿಗೆ ರಬ್ಬರ್ ಟೋಪಿ ಹಾಕಿ. ಟೋಪಿ ಇಲ್ಲದಿದ್ದರೆ ಅದರ ತೂತಿನಲ್ಲಿ ಉಪ್ಪು ಕೂತು ಮುಂದಿನ ವರ್ಷ ನೀವೇ ಬೈದುಕೊಳ್ಳುತ್ತೀರಿ.

ಮಾಸ್ಟರ್ ಸಿಲಿಂಡರ್ ಹೊಸದು ಹಾಕಿದ್ದೇವೆ. ಎಷ್ಟು ಒತ್ತಿದರೂ ಆಯಿಲ್ ಚಕ್ರದವರೆಗೆ ಬರುತ್ತಿಲ್ಲ.

ಒಣ ಸಿಲಿಂಡರ್ ತನ್ನೊಳಗಿನ ಗಾಳಿಯನ್ನೇ ಹಿಂದೆ ಮುಂದೆ ಮಾಡುತ್ತಾ ಇರುತ್ತದೆ. ಮೊದಲು ಅದರದೇ ಗಾಳಿ ತೆಗೆಯಬೇಕು. ಪೈಪು ಸೇರುವ ನಟ್ಟನ್ನು ಸ್ವಲ್ಪ ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು, ಮೆಲ್ಲಗೆ ಒತ್ತಿ, ಒತ್ತಿದಲ್ಲೇ ನಟ್ಟು ಬಿಗಿ ಮಾಡಿ, ಆಮೇಲೆ ಬಿಡಿ. ಬುಸ್ ಅನ್ನೋದು ನಿಂತು ಬರೀ ಆಯಿಲ್ ಬರತೊಡಗಿದ ಮೇಲೆ ಚಕ್ರಕ್ಕೆ ಹೋಗಿ.

ಒಬ್ಬನೇ ಇದ್ದೇನೆ. ಬೇರೆ ದಾರಿ ಇದೆಯಾ?

ಇದೆ. ಡಬ್ಬಿ ತುಂಬಿ, ದೂರದ ನಿಪ್ಪಲ್ ಬಿಟ್ಟು, ಆಯಿಲ್ ತನ್ನಷ್ಟಕ್ಕೆ ಇಳಿಯಲು ಬಿಡಬಹುದು. ನಿಧಾನ, ಆದರೆ ಕೆಲವು ಟ್ರೇಲರ್‌ಗೆ ಸಾಕಾಗುತ್ತದೆ. ಮೂತಿ ಸ್ವಲ್ಪ ಎತ್ತಿದರೆ ಇನ್ನೂ ಚೆನ್ನಾಗಿ ಇಳಿಯುತ್ತದೆ. ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪು ಕೂಡ ಸಿಗುತ್ತದೆ, ನಿಪ್ಪಲ್‌ನಿಂದ ಆಯಿಲ್ ಎಳೆಯುತ್ತದೆ. ಅದರಲ್ಲಿ ಒಂದು ಮೋಸ ಇದೆ: ನಿಪ್ಪಲ್ ಸಡಿಲ ಇದ್ದಾಗ ಅದರ ಮರೆಯ (ಥ್ರೆಡ್) ಸುತ್ತಲಿನಿಂದಲೇ ಗಾಳಿ ಎಳೆದುಕೊಂಡು ಗುಳ್ಳೆ ತೋರಿಸುತ್ತಲೇ ಇರುತ್ತದೆ. ಒಳಗೆ ಏರ್ ಇಲ್ಲದಿದ್ದರೂ ಗುಳ್ಳೆ ನಿಲ್ಲುವುದಿಲ್ಲ, ಡಬ್ಬಿ ಮೇಲೆ ಡಬ್ಬಿ ಖಾಲಿ ಆಗುತ್ತದೆ. ಮರೆಯ ಹೊರಗಿನ ಅಂಚಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಮೆತ್ತಿದರೆ ನಿಜ ಗೊತ್ತಾಗುತ್ತದೆ.

ಎಲ್ಲಾ ಮಾಡಿದರೂ ರಾಡ್ ಒತ್ತಿದರೆ ಸಾಫ್ಟ್ ಇದೆ. ಇನ್ನೇನು?

ಈಗ ಬಂತು ನೋಡಿ ಅಸಲಿ ಕೆಲಸ. ಮುಚ್ಚಿದ ಪೈಪಿನೊಳಗೆ ಗಾಳಿ ತಾನಾಗಿ ಹುಟ್ಟುವುದಿಲ್ಲ. ಒಂದೋ ಎಲ್ಲೋ ಸೋರುತ್ತಿದೆ, ಇಲ್ಲವೇ ಎಲ್ಲೋ ಸಿಕ್ಕಿಕೊಂಡಿದೆ.

ಡಿಸ್ಕ್ ಬ್ರೇಕ್ ಆದರೆ ಮೊದಲು ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ನಿಪ್ಪಲ್ ಮೇಲಿದೆಯಾ ಕೆಳಗಿದೆಯಾ ನೋಡಿ. ಯಾರೋ ಬಿಚ್ಚಿ ತೊಳೆದು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ಕೂತಿರುತ್ತದೆ, ಕೆಳಗಿನ ತೂತಿನಿಂದ ನೀವು ಎಷ್ಟು ಆಯಿಲ್ ತೆಗೆದರೂ ಅದು ಅಲುಗುವುದಿಲ್ಲ. ಎಲ್ಲವೂ ಸರಿಯಾಗಿ ಕೂತಂತೆಯೇ ಕಾಣುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಹೋಸ್. ಜೊತೆಗಿರುವವನಿಗೆ ಒತ್ತಿ ಹಿಡಿಯಲು ಹೇಳಿ, ರಬ್ಬರ್ ಹೋಸನ್ನು ಬೆರಳಲ್ಲಿ ಹಿಡಿದು ನೋಡಿ. ಉಬ್ಬುವುದು ಕೈಗೆ ಗೊತ್ತಾದರೆ ಬದಲಿಸಿ. ಡ್ರಮ್ ಇದ್ದರೆ ಡ್ರಮ್ ತೆಗೆದು ವೀಲ್ ಸಿಲಿಂಡರ್‌ನ ರಬ್ಬರ್ ಟೋಪಿಯ ಅಂಚು ಎತ್ತಿ, ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಒಳಗಿನ ರಬ್ಬರ್ ಕಪ್ ಹೋಗಿದೆ. ಸಿಲಿಂಡರ್ ಒಳಗೋಡೆಯಲ್ಲಿ ತುಕ್ಕಿನ ಗುಂಡಿ ಬಿದ್ದಿದ್ದರೆ ಬರೀ ರಬ್ಬರ್ ಕಿಟ್ ಹಾಕಿ ದುಡ್ಡು ಕಳೆಯಬೇಡಿ, ಪೂರ್ತಿ ಸಿಲಿಂಡರ್ ಹಾಕಿ. ಕೊನೆಗೆ ಕಬ್ಬಿಣದ ಪೈಪು: ಕ್ಲಿಪ್ ಕೂತಿರುವ ಜಾಗ, ಫ್ರೇಮಿನ ಒಳಗೆ ತೂರಿದ ಜಾಗ. ಉಪ್ಪುನೀರು ನಿಲ್ಲುವುದು ಅಲ್ಲೇ, ತೂತಾಗುವುದೂ ಅಲ್ಲೇ.

ಪೈಪು ತೂತಾಗಿದೆ. ಫ್ರಿಜ್ ರಿಪೇರಿಯವನ ಹತ್ತಿರ ತಾಮ್ರದ ಪೈಪು ಇದೆ, ಜೋಡಿಸಿ ಕೊಡುತ್ತಾನಂತೆ.

ಕೊಡುತ್ತಾನೆ, ಚೆನ್ನಾಗಿಯೂ ಕಾಣುತ್ತದೆ, ಆದರೆ ಬೇಡ. ಬರೀ ತಾಮ್ರ ಅದುರುತ್ತಾ ಅದುರುತ್ತಾ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಬ್ರೇಕ್‌ಗೆ ಅಂತಲೇ ಬರುವ ತಾಮ್ರ-ನಿಕಲ್ ಮಿಶ್ರಣದ ಪೈಪು ಬೇರೆ, ಉಪ್ಪುನೀರಿಗೆ ಅದು ತುಂಬಾ ಒಳ್ಳೆಯದು. ಸ್ಟೇನ್‌ಲೆಸ್ ಸ್ಟೀಲ್ ಕೂಡ ಆಗುತ್ತದೆ, ಬಾಗಿಸೋದು ಕಷ್ಟ ಅಷ್ಟೇ. ಪೈಪಿನ ತುದಿ ಡಬಲ್ ಫ್ಲೇರ್ (ತುದಿ ಅಗಲಿಸಿ ಎರಡು ಪದರವಾಗಿ ಮಡಚಿದ್ದು) ಆಗಿರಬೇಕು. ನೀರಿನ ನಲ್ಲಿಗೆ ಹಾಕುವಂಥ, ರಿಂಗ್ ಒತ್ತಿ ಹಿಡಿಯುವ ಜೋಡಣೆ ಬ್ರೇಕ್ ಒತ್ತಡಕ್ಕೆ ನಿಲ್ಲುವುದಿಲ್ಲ.

ನಟ್ಟಿನ ಮರೆಯೂ ನೋಡಿಕೊಳ್ಳಿ. 3/8 ಇಂಚಿನ ನಟ್ಟೂ 10 ಎಂಎಂ ನಟ್ಟೂ ಕಣ್ಣಿಗೆ ಒಂದೇ ಥರ. 10 ಎಂಎಂ ತೂತಿಗೆ 3/8 ಹಾಕಿದರೆ ಸಲೀಸಾಗಿ ತಿರುಗಿ ಹೋಗುತ್ತದೆ, ಬಿಗಿ ಮಾಡುವಾಗ ಮರೆ ಕಿತ್ತು ಬರುತ್ತದೆ. ಬೆರಳಲ್ಲಿ ತಿರುಗಿಸುವಾಗ ಲಟಪಟ ಅಂದರೆ ಅಲ್ಲೇ ನಿಲ್ಲಿಸಿ.

ನಿಪ್ಪಲ್ ತುಕ್ಕು ಹಿಡಿದು ಅಲುಗುತ್ತಿಲ್ಲ.

ಬಲ ಹಾಕಬೇಡಿ, ಮುರಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ನಿಪ್ಪಲ್ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿಯಿರಿ, ಮೊದಲು ಬಿಗಿ ಮಾಡುವ ಕಡೆ ಒಂದು ಕೂದಲೆಳೆ ತಿರುಗಿಸಿ ಆಮೇಲೆ ಬಿಚ್ಚುವ ಕಡೆ ನೋಡಿ. ಆದರೂ ಬರದಿದ್ದರೆ, ವೀಲ್ ಸಿಲಿಂಡರ್ ಹೊಸದು ಹಾಕುವುದೇ ಕಡಿಮೆ ಖರ್ಚು. ಮುರಿದ ನಿಪ್ಪಲ್ ತೆಗೆಸಲು ಲೇತ್ ಅಂಗಡಿಗೆ ಅಲೆಯುವುದಕ್ಕಿಂತ ಅದು ವಾಸಿ.

ಡ್ರಮ್ ಶೂ ಅಡ್ಜಸ್ಟ್ ಮಾಡೋದು ಹೇಗೆ?

ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜಾಕಿ ನಂಬಬೇಡಿ. ಹಿಂದಿನ ಪ್ಲೇಟಿನಲ್ಲಿ ಉದ್ದನೆಯ ಸಣ್ಣ ಕಿಂಡಿ ಇರುತ್ತದೆ, ಒಳಗೆ ಹಲ್ಲಿನ ಚಕ್ರ. ಸ್ಕ್ರೂಡ್ರೈವರ್‌ನಿಂದ ಹಲ್ಲು ತಿರುಗಿಸುತ್ತಾ ಹೋಗಿ, ಚಕ್ರ ಕೈಯಲ್ಲಿ ತಿರುಗಿಸಲು ಆಗದಷ್ಟು ಬಿಗಿ ಆದ ಮೇಲೆ ಸುಮಾರು 10 ಹಲ್ಲು ವಾಪಸ್ ಬಿಡಿ. ಚಕ್ರ ಸಲೀಸಾಗಿ ತಿರುಗಬೇಕು, ಶೂ ಸ್ವಲ್ಪ ಸರ್ ಸರ್ ಅಂದರೆ ತೊಂದರೆ ಇಲ್ಲ.

ಇದನ್ನು ಮಾಡುವಾಗ ಚಕ್ರವನ್ನು ಮುಂದಕ್ಕೆ ಹೋಗುವ ದಿಕ್ಕಿನಲ್ಲೇ ತಿರುಗಿಸಿ. ಸರ್ಜ್ ಬ್ರೇಕಿನ ಡ್ರಮ್‌ಗಳು ಬಹಳಷ್ಟು ಹಿಮ್ಮುಖವಾಗಿ ತಿರುಗಿದಾಗ ತಾವೇ ಸಡಿಲ ಬಿಡುವಂಥವು, ಇಲ್ಲದಿದ್ದರೆ ರಿವರ್ಸ್ ಹೋಗುವಾಗಲೂ ಬ್ರೇಕ್ ಬೀಳುತ್ತಿತ್ತು. ಹಿಂದಕ್ಕೆ ತಿರುಗಿಸಿ "ಬ್ರೇಕೇ ಹಿಡಿಯಲ್ಲ" ಅಂತ ಗಾಬರಿ ಬಿದ್ದು ಎಲ್ಲಾ ಬಿಚ್ಚಿ ಹರಡಿಕೊಂಡು ಕೂರುವವರನ್ನು ನೋಡಿದ್ದೇನೆ.

ಡಿಸ್ಕ್ ಬ್ರೇಕ್ ಹಾಕಿಸಿದ ಮೇಲೆ ರಿವರ್ಸ್ ಹೋಗೋಕೇ ಆಗ್ತಿಲ್ಲ.

ಡಿಸ್ಕ್‌ಗೆ ಆ ಸಡಿಲ ಬಿಡುವ ಗುಣ ಇಲ್ಲ. ಅದಕ್ಕೆ ರಿವರ್ಸ್ ಸೊಲೆನಾಯ್ಡ್ ಅಂತ ಒಂದು ಕರೆಂಟ್ ವಾಲ್ವ್ ಇರುತ್ತದೆ, ಜೀಪಿನ ರಿವರ್ಸ್ ಲೈಟಿನಿಂದ ಕರೆಂಟ್ ಪಡೆದು ಆಯಿಲ್ ದಾರಿ ಮುಚ್ಚುತ್ತದೆ. ಲೈಟಿನ ಕನೆಕ್ಟರ್‌ನಲ್ಲಿ ಆ ಐದನೇ ವಯರ್ ಜೋಡಿಸಿರುವುದಿಲ್ಲ ಅಥವಾ ಉಪ್ಪು ತಿಂದು ಹಸಿರಾಗಿರುತ್ತದೆ. ವಯರ್ ನೋಡಿ ಮೊದಲು. ಇನ್ನೊಂದು, ಡ್ರಮ್‌ಗೆ ಇದ್ದ ಹಳೆಯ ಮಾಸ್ಟರ್ ಸಿಲಿಂಡರ್ ಹಾಗೇ ಬಿಟ್ಟಿದ್ದರೆ ಅದರೊಳಗೆ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ ವಾಲ್ವ್ ಇರಬಹುದು. ಡ್ರಮ್‌ಗೆ ಅದು ಬೇಕು, ಡಿಸ್ಕ್‌ಗೆ ಇರಬಾರದು, ಇದ್ದರೆ ಪ್ಯಾಡು ಸದಾ ಉಜ್ಜುತ್ತಾ ಬಿಸಿಯಾಗುತ್ತದೆ. ಡಿಸ್ಕ್‌ಗೆ ಬದಲಿಸಿದರೆ ಕಪ್ಲರ್ ಕಡೆಯದ್ದೂ ಡಿಸ್ಕ್‌ನದ್ದೇ ಬೇಕು.

ಸಮುದ್ರದ ನೀರಿಗೆ ಇಳಿಸಿದ ಮೇಲೆ ಪ್ರತಿ ಸಲ ತೊಳೀಬೇಕಾ?

ಹೌದು, ಪ್ರತಿ ಸಲ, ಸಿಹಿನೀರಲ್ಲಿ. ಮಾಂಡವಿ, ಝುವಾರಿ ನದಿ ಅಂತ ಹೆಸರು, ಆದರೆ ಬಾಯಿಯ ಹತ್ತಿರ ಭರತದ ನೀರು ಉಪ್ಪೇ, ನದಿ ತಾನೇ ಅಂತ ಬಿಡಬೇಡಿ. ಡಿಸ್ಕ್ ಆದರೆ ಪೈಪ್ ಹಿಡಿದು ಹೊರಗಿನಿಂದಲೇ ತೊಳೆಯಬಹುದು, ಇದೇ ಅದರ ದೊಡ್ಡ ಲಾಭ. ಡ್ರಮ್ ಒಳಗೆ ನೀರೂ ಮರಳೂ ಸೇರಿಕೊಂಡು ಅಲ್ಲೇ ಕೂರುತ್ತದೆ. ಹಿಂದಿನ ಪ್ಲೇಟಿಗೆ ನೀರಿನ ಪೈಪು ಸಿಕ್ಕಿಸುವ ಫ್ಲಶ್ ಕಿಟ್ ಬರುತ್ತದೆ, ಹಾಕಿಸಿಕೊಳ್ಳಿ. ತೊಳೆದ ಮೇಲೆ ಹಾಗೇ ನಿಲ್ಲಿಸದೆ ಸ್ವಲ್ಪ ದೂರ ಓಡಿಸಿ, ಒಂದೆರಡು ಸಲ ಹಗುರಾಗಿ ಬ್ರೇಕ್ ಹಾಕಿ, ಒಣಗಲಿ.

ಮತ್ತೆ, ದೂರದಿಂದ ಬಂದು ಸೀದಾ ನೀರಿಗೆ ಇಳಿಸುವ ಅವಸರ ಬೇಡ. ಬಿಸಿಯಾದ ಹಬ್ (ಚಕ್ರದ ನಡುಭಾಗ) ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ಉಪ್ಪುನೀರು ಎಳೆದುಕೊಳ್ಳುತ್ತದೆ, ಬೇರಿಂಗ್ ಕಥೆ ಮುಗಿಯಿತು. ಚಹಾ ಕುಡಿದು ಬನ್ನಿ, ಅಷ್ಟರಲ್ಲಿ ತಣ್ಣಗಾಗುತ್ತದೆ.

ಬೆಳಗಾವಿಗೆ, ಕಾರವಾರಕ್ಕೆ ಬೋಟ್ ಎಳೆದುಕೊಂಡು ಹೋಗಬೇಕು. ಘಟ್ಟದಲ್ಲಿ ಏನು ಜಾಗ್ರತೆ?

ಹತ್ತುವಾಗ ಬ್ರೇಕಿಗೆ ಕೆಲಸವಿಲ್ಲ. ವಾಪಸ್ ಬರುವಾಗ ಅನಮೋಡ ಅಥವಾ ಚೋರ್ಲಾ ಇಳಿಯುತ್ತೀರಲ್ಲ, ಆಗ. ಕಾರವಾರದ ಹಾದಿಯಲ್ಲಿ ಕಾಣಕೋಣಕ್ಕೆ ಮೊದಲು ಸಿಗುವ ಕರ್ಮಲ್ ಘಟ್ಟವೂ ಅಷ್ಟೇ. ಇಳಿಜಾರಿನಲ್ಲಿ ಸಣ್ಣ ಗೇರ್ ಹಾಕಿ ಎಂಜಿನ್ ಮೇಲೆ ಇಳಿಯಬೇಕು ಅಂತ ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ಆದರೆ ಸರ್ಜ್ ಬ್ರೇಕ್‌ಗೆ ಜೀಪು ಪೆಡಲ್‌ನಿಂದ ನಿಧಾನವಾಯಿತೋ ಎಂಜಿನ್‌ನಿಂದ ನಿಧಾನವಾಯಿತೋ ಗೊತ್ತಾಗುವುದಿಲ್ಲ. ಟ್ರೇಲರ್ ಮುಂದಕ್ಕೆ ಒರಗಿದರೆ ಸಾಕು, ಬ್ರೇಕ್ ಹಿಡಿಯುತ್ತದೆ. ಅಂದರೆ ಉದ್ದದ ಇಳಿಜಾರಿನಲ್ಲಿ ನೀವು ಪೆಡಲ್ ಮುಟ್ಟದಿದ್ದರೂ ಟ್ರೇಲರ್ ಶೂ ಉಜ್ಜುತ್ತಲೇ ಇರುತ್ತದೆ. ಡ್ರಮ್ ಕಾಯುತ್ತದೆ, ವೀಲ್ ಸಿಲಿಂಡರ್ ಕಾಯುತ್ತದೆ, ನೀರು ಸೇರಿದ ಹಳೆಯ ಆಯಿಲ್ ಕುದಿದು ಆವಿ ಆಗುತ್ತದೆ. ಆವಿಯೂ ಗಾಳಿಯಂತೆಯೇ, ಒತ್ತಿದರೆ ಕುಗ್ಗುತ್ತದೆ, ಬ್ರೇಕ್ ಸತ್ತ ಹಾಗೆ. ಕೆಳಗೆ ಬಂದು ತಣ್ಣಗಾದ ಮೇಲೆ ಎಲ್ಲಾ ಸರಿಯಾಗಿ ಕೆಲಸ ಮಾಡುತ್ತದೆ, ಮೆಕ್ಯಾನಿಕ್‌ಗೆ ತೋರಿಸಿದರೆ ಅವನು ನಿಮ್ಮ ಮುಖ ನೋಡುತ್ತಾನೆ. ಆದ್ದರಿಂದ ಘಟ್ಟಕ್ಕೆ ಹೋಗುವ ಮೊದಲು ಹೊಸ ಆಯಿಲ್. ದಾರಿಯಲ್ಲಿ ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ, ಹಬ್ ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡಿ, ಮುಟ್ಟಬೇಡಿ. ಒಂದೇ ಒಂದು ಚಕ್ರ ಜಾಸ್ತಿ ಬಿಸಿ ಇದ್ದರೆ ಅದು ಹಿಡಿದುಕೊಂಡಿದೆ ಅಂತ ಅರ್ಥ. ಕಾದ ಡ್ರಮ್ ಮೇಲೆ ನೀರು ಸುರಿಯಬೇಡಿ, ಬೀಡು ಕಬ್ಬಿಣ ಬಿರುಕು ಬಿಡುತ್ತದೆ.

ಆಯಿಲ್ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಯಾವ ತಿಂಗಳು ಒಳ್ಳೆಯದು?

ಕಾರಿಗೆ ಸಾಮಾನ್ಯವಾಗಿ ಎರಡು ವರ್ಷ ಅಂತಾರೆ. ಉಪ್ಪುನೀರಿಗೆ ಇಳಿಯುವ ಟ್ರೇಲರ್‌ಗೆ ವರ್ಷಕ್ಕೊಮ್ಮೆ ಅಂತ ಇಟ್ಟುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್, ಮಳೆಗೆ ಬೀಚಿನ ವಾಟರ್ ಸ್ಪೋರ್ಟ್ಸ್ ಕೂಡ ನಿಲ್ಲುತ್ತದೆ. ಎಲ್ಲರೂ ರಿಪೇರಿ ಇಟ್ಟುಕೊಳ್ಳುವುದು ಆಗಲೇ. ನನ್ನ ಸಲಹೆ ಬೇರೆ: ಬಿಚ್ಚಿ ತೊಳೆದು ಗ್ರೀಸ್ ಹಾಕುವುದನ್ನು ಮೇ ಕೊನೆಯಲ್ಲೇ ಮುಗಿಸಿ, ಉಪ್ಪು ಮೆತ್ತಿದ ಡ್ರಮ್ ಮಳೆಗಾಲ ಪೂರ್ತಿ ಹಾಗೇ ನಿಂತರೆ ಶೂ ಡ್ರಮ್‌ಗೆ ಅಂಟಿಕೊಂಡುಬಿಡುತ್ತದೆ. ಆಯಿಲ್ ಮಾತ್ರ ಮಳೆ ಕಡಿಮೆ ಆದ ಮೇಲೆ, ಸೀಸನ್ ಶುರುವಾಗುವ ಮೊದಲು ಒಣ ದಿನ ನೋಡಿ ಬದಲಿಸಿ. ಜಡಿಮಳೆಯಲ್ಲಿ ಡಬ್ಬಿ ತೆರೆದಿಟ್ಟು ಹೊಸ ಆಯಿಲ್ ಹಾಕಿ ಏನು ಬಂತು, ಅಲ್ವಾ?

ಮಳೆಗಾಲಕ್ಕೆ ನಿಲ್ಲಿಸುವಾಗ ಸೇಫ್ಟಿ ಕೇಬಲ್ ಎಳೆದು ಬ್ರೇಕ್ ಹಿಡಿಸಿಟ್ಟು ಹೋಗಬೇಡಿ. ಚಕ್ರಕ್ಕೆ ತುಂಡು ಇಡಿ, ಬ್ರೇಕ್ ಬಿಟ್ಟಿರಲಿ.

ಆ ಸೇಫ್ಟಿ ಕೇಬಲ್ ಎಳೆದುಬಿಟ್ಟಿದ್ದೇವೆ, ಈಗ ಚಕ್ರವೇ ತಿರುಗುತ್ತಿಲ್ಲ.

ಅದು ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಹಿಡಿಸಲು ಇರುವುದು. ಒಮ್ಮೆ ಎಳೆದರೆ ಹಲ್ಲಿಗೆ ಸಿಕ್ಕಿ ಹಾಗೇ ನಿಲ್ಲುತ್ತದೆ. ಕಪ್ಲರ್ ಕೆಳಗೆ ನೋಡಿ, ಸಣ್ಣ ಸ್ಪ್ರಿಂಗ್ ಪಟ್ಟಿಯನ್ನೋ ಲಿವರನ್ನೋ ಸ್ಕ್ರೂಡ್ರೈವರ್‌ನಿಂದ ಬಿಡಿಸಬೇಕು. ಕೇಬಲನ್ನು ಜೀಪಿನ ಚಾಸಿಗೆ ಕಟ್ಟಿ, ಬಾಲ್ ಕೂತಿರುವ ಪಟ್ಟಿಗೆ ಸುತ್ತಬೇಡಿ, ಅದೇ ಕಿತ್ತು ಬಂದರೆ ಕೇಬಲ್ಲೂ ಜೊತೆಗೇ ಹೋಗುತ್ತದೆ. ತಿರುವಿನಲ್ಲಿ ಎಳೆಯದಷ್ಟು ಸಡಿಲ ಇರಲಿ.

ಡ್ರಮ್ ಒಳಗಿನ ಪುಡಿ ಕಂಪ್ರೆಸರ್‌ನಿಂದ ಊದಿ ತೆಗೆಯಬಹುದಾ?

ಬೇಡ. ಹಳೆಯ ಶೂಗಳಲ್ಲಿ ಕಲ್ನಾರು ಇರಬಹುದು, ಆ ಪುಡಿ ಶ್ವಾಸಕೋಶಕ್ಕೆ ವಿಷ. ಒದ್ದೆ ಮಾಡಿ ಒರೆಸಿ, ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಕಿ. ಕೆಲಸಕ್ಕೆ ಇಟ್ಟುಕೊಂಡ ಹುಡುಗನ ಕೈಯಲ್ಲೂ ಊದಿಸಬೇಡಿ. ತೆಗೆದ ಹಳೆಯ ಬ್ರೇಕ್ ಆಯಿಲ್ ಚರಂಡಿಗೋ ಖಾಡಿಗೋ ಸುರಿಯಬೇಡಿ, ಮುಚ್ಚಿದ ಡಬ್ಬಿಯಲ್ಲಿ ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ. ಎಂಜಿನ್ ಆಯಿಲ್ ಜೊತೆ ಬೆರೆಸದೆ ಬೇರೆಯೇ ಇಡಿ.

ಸೆಕೆಂಡ್ ಹ್ಯಾಂಡ್ ಟ್ರೇಲರ್ ತಗೊಳ್ತಿದ್ದೇನೆ. ಬ್ರೇಕ್ ನೋಡೋದು ಹೇಗೆ?

ಹೊಸ ಪೇಂಟ್ ನೋಡಿ ಮರುಳಾಗಬೇಡಿ. ಮಾಸ್ಟರ್ ಸಿಲಿಂಡರ್ ಮುಚ್ಚಳ ಬಿಚ್ಚಿಸಿ, ಒಣಗಿದ್ದರೆ ಅಥವಾ ತಳದಲ್ಲಿ ತುಕ್ಕಿನ ಕೆಸರಿದ್ದರೆ ಬ್ರೇಕ್ ಪೂರ್ತಿ ಹೊಸದು ಅಂತ ಲೆಕ್ಕ ಹಾಕಿ ರೇಟು ಇಳಿಸಿ. ಕಪ್ಲರ್ ಜಾರುತ್ತದೆಯಾ ನೋಡಿ. ಬ್ರೇಕ್ ಕೆಟ್ಟ ಮೇಲೆ ರಿಪೇರಿ ತಪ್ಪಿಸಲು ಕಪ್ಲರನ್ನೇ ವೆಲ್ಡಿಂಗ್ ಮಾಡಿ ಜಾಮ್ ಮಾಡಿರುವ ಟ್ರೇಲರ್‌ಗಳೂ ಇವೆ, ಆ ವೆಲ್ಡಿಂಗ್ ಗೆರೆ ಪೇಂಟಿನ ಕೆಳಗೆ ಇರುತ್ತದೆ, ಉಗುರಿನಿಂದ ತಡವಿದರೆ ಸಿಗುತ್ತದೆ. ಎರಡೂ ಚಕ್ರ ಎತ್ತಿಸಿ ಮುಂದಕ್ಕೆ ತಿರುಗಿಸಿ, ಒಬ್ಬರಿಗೆ ರಾಡ್ ಒತ್ತಲು ಹೇಳಿ. ಎರಡೂ ಒಟ್ಟಿಗೆ ನಿಲ್ಲಬೇಕು, ಬಿಟ್ಟ ಕೂಡಲೇ ಎರಡೂ ತಿರುಗಬೇಕು. ಮಾರುವವರು "ಇಲ್ಲೇ ಹತ್ತಿರ ಓಡಿಸೋಕೆ ಬ್ರೇಕ್ ಯಾಕೆ" ಅಂದರೆ, ಹೊಸ ಬ್ರೇಕಿನ ಖರ್ಚು ಕಳೆದು ರೇಟು ಹೇಳಿ, ಇಲ್ಲಾಂದ್ರೆ ಬೇರೆ ಟ್ರೇಲರ್ ನೋಡಿ.